ಅಂಗಿಗೆ ಹತ್ತಿದ ಅಂಟು, ಹಲಸು ಕಲಿಸಿದ ಪಾಠ

ಫಾಲ್ಗುಣ ಮಾಸ ಬಂತೆಂದರೆ ಆದಿಚುಂಚನಗಿರಿಯ ಜಾತ್ರೆಗೆ ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಕಡೆಯಿಂದ ಜನ ಬಸ್ಸು ತುಂಬಿ ಬರುತ್ತಾರೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ಒಳ್ಳೆಯ ಪಂಚೆ, ಸೀರೆ, ಮಕ್ಕಳ ಹೊಸ ಅಂಗಿ ಹೊರಬರುವುದು ಇಂಥ ದಿನಗಳಲ್ಲೇ. ಆದರೆ ಯಾವ ಊರಿನ ಜಾತ್ರೆಯೇ ಆಗಲಿ, ಹಬ್ಬದ ಬಟ್ಟೆಗೆ ಈಗ ಹೊಸದೊಂದು ಗಂಡಾಂತರ ಕಾದಿರುತ್ತದೆ. ಬಸ್ಸಿನ ಸೀಟಿನ ಮೇಲೋ, ಕಲ್ಲುಮೆಟ್ಟಿಲಿನ ಮೇಲೋ ಯಾರೋ ಅಗಿದು ಉಗಿದ ಚೂಯಿಂಗ್ ಗಮ್ ಬಿದ್ದಿರುತ್ತದೆ. ಅರಿಯದೆ ಕುಳಿತವರು ಏಳುವಾಗ ಅದೂ ಅವರ ಜತೆಯಲ್ಲೇ ಏಳುತ್ತದೆ. ‘ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನೀರು ಹಾಕಿ ಉಜ್ಜಿದರೆ ಅದು ಹೋಗುವುದಿಲ್ಲ. ಸೋಪು ಹಚ್ಚಿದರೂ ಜಗ್ಗುವುದಿಲ್ಲ. ಬಿಸಿನೀರಿಗೆ ಹಾಕಿದರಂತೂ ನೂಲಿನ ಒಳಕ್ಕೇ ಇಳಿದುಬಿಡುತ್ತದೆ. ಇದು ನಮಗೆ ತೀರ ಹೊಸ ಬಗೆಯ ಕೊಳೆ, ನಮ್ಮ ಹಿರಿಯರಿಗೆ ಗೊತ್ತಿಲ್ಲದ ಪೀಡೆ ಎಂದು ಅನ್ನಿಸುವುದು ಸಹಜ. ಆದರೆ ಈ ಅಂಟಿನ ಕುಲಮೂಲವನ್ನು ಹುಡುಕುತ್ತ ಹೋದರೆ ಅದು ನಮ್ಮ ತೋಟದ ಒಂದು ಮರಕ್ಕೇ ಬಂದು ನಿಲ್ಲುತ್ತದೆ. ಅದನ್ನು ಬಿಡಿಸುವ ಉಪಾಯವೂ ಚೂಯಿಂಗ್ ಗಮ್ ಹುಟ್ಟುವ ಎಷ್ಟೋ ಕಾಲ ಮೊದಲೇ ನಮ್ಮ ಮನೆಗಳಲ್ಲಿತ್ತು.

ಸಪೋಟ ಮರದ ಹಾಲು

ಸರಿಯಾಗಿ ಮಾಗದ ಸಪೋಟ ಹಣ್ಣನ್ನು ಕಚ್ಚಿದವರಿಗೆಲ್ಲ ತುಟಿ ಅಂಟಿಕೊಂಡ ಅನುಭವ ಇದ್ದೇ ಇರುತ್ತದೆ. ಆ ಅಂಟೇ ಚೂಯಿಂಗ್ ಗಮ್‌ನ ತಾಯಿ. ಸಪೋಟದ ತವರು ಮೆಕ್ಸಿಕೋ ಮತ್ತು ಅದರ ನೆರೆಯ ನಾಡುಗಳು. ‘ಸಪೋಟ’ ಎಂಬ ಹೆಸರು ಕೂಡ ಅಲ್ಲಿನ ನಾವಾತ್ಲ್ ಭಾಷೆಯ ‘ತ್ಸಪೋತ್ಲ್’ ಎಂಬ ಮಾತಿನಿಂದ ಬಂದದ್ದು. ಆ ಮರದ ತೊಗಟೆಯನ್ನು ಅಂಕುಡೊಂಕಾಗಿ ಗೀರಿ, ಸುರಿಯುವ ಬಿಳಿಯ ಹಾಲನ್ನು ಸಂಗ್ರಹಿಸಿ, ಕಾಯಿಸಿ ಗಟ್ಟಿಮಾಡಿದರೆ ‘ಚಿಕ್ಲೆ’ ಎಂಬ ಅಂಟು ಸಿಗುತ್ತದೆ. ಮಾಯಾ ಮತ್ತು ಅಜ್ಟೆಕ್ ಜನರು ಅದನ್ನು ಬಹು ಹಿಂದಿನಿಂದಲೂ ಅಗಿಯುತ್ತಿದ್ದರು. ನಾವು ಎಲೆಯಡಿಕೆ ಜಗಿದಂತೆ ಅವರಿಗದು ಬಾಯಿಗೊಂದು ಕೆಲಸ.

ಅದು ವ್ಯಾಪಾರದ ಸರಕಾದದ್ದು 19ನೆಯ ಶತಮಾನದಲ್ಲಿ. ಮೆಕ್ಸಿಕೋದ ಅಧಿಕಾರ ಕಳೆದುಕೊಂಡು ದೇಶಭ್ರಷ್ಟನಾಗಿದ್ದ ಸೇನಾನಿ ಸಾಂಟಾ ಅನ್ನಾ 1860ರ ದಶಕದಲ್ಲಿ ಕೆಲಕಾಲ ನ್ಯೂಯಾರ್ಕಿನಲ್ಲಿದ್ದ. ಚಿಕ್ಲೆಯಿಂದ ಅಗ್ಗದ ರಬ್ಬರ್ ಮಾಡಬಹುದೆಂಬ ಆಸೆ ಅವನಿಗಿತ್ತು. ಥಾಮಸ್ ಆಡಮ್ಸ್ ಎಂಬಾತ ಅದನ್ನು ನಂಬಿ ಪ್ರಯೋಗಕ್ಕಿಳಿದು ಸೋತ. ಆ ಹಾಲು ರಬ್ಬರಾಗಲು ಒಪ್ಪಲಿಲ್ಲ. ಉಳಿದ ಸರಕನ್ನು ಏನು ಮಾಡುವುದೆಂದು ಯೋಚಿಸಿ, ಅಗಿಯುವ ಉಂಡೆಗಳನ್ನಾಗಿ ಮಾಡಿ ಮಾರಿದ. ಅದು ಕೈಹಿಡಿಯಿತು. 1871ರಲ್ಲಿ ಅದನ್ನು ತಯಾರಿಸುವ ಯಂತ್ರಕ್ಕೆ ಪೇಟೆಂಟನ್ನೂ ಪಡೆದ. 1891ರಲ್ಲಿ ಷಿಕಾಗೋದಲ್ಲಿ ಅಂಗಡಿ ತೆರೆದ ವಿಲಿಯಂ ರಿಗ್ಲಿ ಇದನ್ನೇ ಜಗತ್ತಿನ ಮೂಲೆ ಮೂಲೆಗೆ ಮುಟ್ಟಿಸಿದ. 1928ರಲ್ಲಿ ಫಿಲಡೆಲ್ಫಿಯಾದ ವಾಲ್ಟರ್ ಡೀಮರ್ ಗುಳ್ಳೆ ಊದಬಹುದಾದ ಬಬಲ್ ಗಮ್ ಮಾಡಿದ. ಕೈಗೆ ಸಿಕ್ಕಿದ ಬಣ್ಣ ಗುಲಾಬಿಯಾಗಿದ್ದರಿಂದ ಬಬಲ್ ಗಮ್‌ಗೆ ಆ ಬಣ್ಣವೇ ಕಾಯಂ ಆಯಿತು.

ಚೂಯಿಂಗ್ ಗಮ್ ಹಬ್ಬಿದಂತೆ ಕಾಡಿನ ಮರಗಳ ಹಾಲು ಸಾಲದಾಯಿತು. ಒಮ್ಮೆ ಗೀರಿದ ಮರಕ್ಕೆ ಮತ್ತೆ ಹಲವು ವರ್ಷ ವಿಶ್ರಾಂತಿ ಬೇಕು. ಎರಡನೆಯ ಮಹಾಯುದ್ಧದ ನಂತರ ತಯಾರಕರು ಹೆಚ್ಚಾಗಿ ಕೃತಕ ಅಂಟಿನ ಕಡೆಗೆ ಹೊರಳಿದರು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಗಮ್ ಪೆಟ್ರೋಲಿಯಂ ಮೂಲದ್ದು. ಅದರಲ್ಲಿರುವ ಪಾಲಿಐಸೊಬ್ಯುಟಿಲೀನ್ ಎಂಬುದು ಸೈಕಲ್ ಟ್ಯೂಬಿನ ರಬ್ಬರಿಗೆ ಹತ್ತಿರದ ನೆಂಟ. ಪಾಲಿವಿನೈಲ್ ಅಸಿಟೇಟ್ ಎಂಬ ಇನ್ನೊಂದು ಪದಾರ್ಥ ಬಡಗಿಗಳು ಮರ ಜೋಡಿಸಲು ಬಳಸುವ ಬಿಳಿ ಅಂಟಿನ ಮೂಲವಸ್ತು. ಇವೆರಡೂ ಸೇರಿ ಅಂಗಿಗೆ ಹತ್ತಿಕೊಂಡರೆ ಸುಲಭವಾಗಿ ಬಿಟ್ಟಾವೆಯೇ?

ನಮ್ಮ ಹಳ್ಳಿಯ ಅಂಗಡಿಗಳಿಗೆ ಇದು ಬಂದದ್ದು ತಡವಾಗಿ. 1980ರ ದಶಕದ ಹುಡುಗರಿಗೆ ಕ್ರಿಕೆಟ್ ಆಟಗಾರರ ಚಿತ್ರ ಕೊಡುತ್ತಿದ್ದ ‘ಬಿಗ್ ಫನ್’ ನೆನಪಿರಬಹುದು. 1990ರ ದಶಕದಲ್ಲಿ ‘ಸೆಂಟರ್ ಫ್ರೆಶ್’, ‘ಬೂಮರ್’ ಬಂದ ಮೇಲೆ ಗಮ್ ಇಲ್ಲದ ಪೆಟ್ಟಿಗೆ ಅಂಗಡಿಯೇ ಇಲ್ಲವೆನ್ನುವಂತಾಯಿತು. ಹೀಗೆ ಮೆಕ್ಸಿಕೋದ ಹಣ್ಣು ನಮ್ಮ ತೋಟಕ್ಕೆ ಬಂತು. ಅದೇ ಮರದ ಹಾಲಿನಿಂದ ಹುಟ್ಟಿದ ಚಟ ಅಮೆರಿಕವನ್ನು ಸುತ್ತಿಕೊಂಡು ನಮ್ಮ ಮಕ್ಕಳ ಬಾಯಿಗೆ ಬಂತು.

ನೀರಿಗೆ ಏಕೆ ಬಗ್ಗುವುದಿಲ್ಲ?

ಚೂಯಿಂಗ್ ಗಮ್‌ನಲ್ಲಿ ಎರಡು ಭಾಗಗಳಿವೆ. ಸಕ್ಕರೆ, ಪರಿಮಳ ಮುಂತಾದವು ಎಂಜಲಿನಲ್ಲಿ ಕರಗಿ ಹೊಟ್ಟೆ ಸೇರುತ್ತವೆ. ಉಳಿಯುವ ಜಿಗುಟು ಭಾಗಕ್ಕೆ ನೀರೆಂದರೆ ಆಗದು. ಗಂಟೆಗಟ್ಟಲೆ ಬಾಯಲ್ಲಿಟ್ಟು ಅಗಿದರೂ ಅದು ಕರಗದಿರುವುದಕ್ಕೆ ಇದೇ ಕಾರಣ. ಬಾಯಿಯ ನೀರಿಗೆ ಕರಗದ್ದು ಬಕೆಟ್ಟಿನ ನೀರಿಗೆ ಕರಗೀತೇ?

ಆದರೆ ಅದಕ್ಕೆ ಎಣ್ಣೆಯೊಡನೆ ಸ್ನೇಹ. ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಗಮ್ ಅಗಿಯುವಾಗ ಒಂದು ಚೂರು ಚಾಕೊಲೇಟನ್ನೋ ಒಂದು ಹಿಡಿ ಕಡಲೆಕಾಯಿ ಬೀಜವನ್ನೋ ಸೇರಿಸಿ ಅಗಿದರೆ ಸ್ವಲ್ಪ ಹೊತ್ತಿಗೆ ಗಮ್ ಪುಡಿಪುಡಿಯಾಗಿ ಬಾಯಲ್ಲೇ ಚದುರಿಹೋಗುತ್ತದೆ. ಅವುಗಳಲ್ಲಿರುವ ಜಿಡ್ಡು ಅಂಟಿನ ಒಳಹೊಕ್ಕು ಅದರ ಬಿಗಿಯನ್ನು ಸಡಿಲಿಸುತ್ತದೆ. ಒಂದೇ ಸ್ವಭಾವದ ಪದಾರ್ಥಗಳು ಒಂದರಲ್ಲೊಂದು ಬೆರೆಯುತ್ತವೆ ಎಂಬುದು ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಈ ಪಾಠವನ್ನು ನಮ್ಮ ಮನೆಗಳಿಗೆ ಕಲಿಸಿದ್ದು ಮಾತ್ರ ಶಾಲೆಯಲ್ಲ, ಹಲಸಿನ ಹಣ್ಣು.

ಹರಳೆಣ್ಣೆ ಸವರಿದ ಕೈ

ಹಲಸು ಕೊಯ್ಯುವವರು ಮೊದಲು ಮಾಡುವ ಕೆಲಸವೆಂದರೆ ಕೈಗೂ ಕತ್ತಿಗೂ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿಕೊಳ್ಳುವುದು. ಹಲಸಿನ ಅಂಟು ಸಾಮಾನ್ಯದ್ದಲ್ಲ. ಒಡೆದ ಪಾತ್ರೆಯ ಬಿರುಕು ಮುಚ್ಚಲು, ಕೊಂಬೆಗೆ ಬಳಿದು ಹಕ್ಕಿ ಹಿಡಿಯಲು ಅದನ್ನು ಬಳಸುತ್ತಿದ್ದರು. ಸಪೋಟದ ಹಾಲಿನಂತೆಯೇ ಅದರಲ್ಲೂ ರಾಳವಿದೆ, ರಬ್ಬರಿನಂಥ ಪದಾರ್ಥವೂ ಸ್ವಲ್ಪ ಇದೆ. ಆದ್ದರಿಂದ ಎರಡರ ಹಟವೂ ಒಂದೇ ತೆರನಾದದ್ದು. ಅಂಟು ಸೀರೆಯ ಸೆರಗಿಗೆ ತಾಗಿದರೆ ನೀರು ಮುಟ್ಟಿಸದೆ ಮೊದಲು ಎಣ್ಣೆ ಹಚ್ಚುತ್ತಿದ್ದರು. ಎಣ್ಣೆಗೆ ಅಂಟು ಬಿಟ್ಟುಕೊಂಡ ಮೇಲೆ ಸೀಗೆಪುಡಿಯಿಂದಲೋ ಅಂಟುವಾಳದಿಂದಲೋ ಆ ಎಣ್ಣೆಯನ್ನು ತೆಗೆಯುತ್ತಿದ್ದರು. ಅಂಟಿಗೆ ಎಣ್ಣೆ, ಎಣ್ಣೆಗೆ ನೊರೆ, ನೊರೆಗೆ ನೀರು. ಈ ಸರದಿ ತಪ್ಪಬಾರದು. ಇಂದು ಚೂಯಿಂಗ್ ಗಮ್‌ಗೆ ಹೇಳುವ ಉಪಾಯದ ತಿರುಳೂ ಇದೇ.

ಕನ್ನಡದ ಮಾತುಗಳನ್ನೇ ಗಮನಿಸಿ. ಬಟ್ಟೆ ಕೆಡುವುದಕ್ಕೆ ನಮ್ಮಲ್ಲಿ ಒಂದೇ ಹೆಸರಿಲ್ಲ. ಮಣ್ಣು, ಬೆವರು, ದೂಳಿನಿಂದ ಆದದ್ದು ಕೊಳೆ. ಎಣ್ಣೆ, ತುಪ್ಪದಿಂದ ಆದದ್ದು ಜಿಡ್ಡು. ಬಾಳೆಯ ದಿಂಡಿನ ರಸ ತಾಗಿ ಆದದ್ದು ಕರೆ. ಹಲಸಿನಿಂದ ಆದದ್ದು ಅಂಟು. ಕೊಳೆ ನೀರಿಗೆ ಹೋಗುತ್ತದೆ. ಜಿಡ್ಡಿಗೆ ಸೀಗೆ, ಸೋಪು ಬೇಕು. ಅಂಟಿಗೆ ಎಣ್ಣೆಯೇ ಬೇಕು. ಬಾಳೆಯ ಕರೆಯೋ, ತಾಗಿದಾಗ ಕಣ್ಣಿಗೆ ಕಾಣದೆ, ಒಣಗಿದ ಮೇಲೆ ಕಪ್ಪಾಗಿ, ನೂಲಿಗೇ ಬಣ್ಣ ಕಟ್ಟಿ, ಬಟ್ಟೆ ಹರಿಯುವವರೆಗೂ ಉಳಿದುಬಿಡುತ್ತದೆ. ಯಾವುದು ಯಾವುದರಿಂದ ಹೋಗುತ್ತದೆ, ಯಾವುದು ಹೋಗುವುದೇ ಇಲ್ಲ ಎಂಬ ತಿಳಿವಳಿಕೆ ಈ ನಾಲ್ಕು ಮಾತುಗಳಲ್ಲೇ ಅಡಗಿದೆ.

ಮಡಿವಾಳರ ವಿದ್ಯೆ

ಮನೆಯ ಹೆಂಗಸರಿಗೆ ಎಟುಕದ ಕೆಲಸ ಮಡಿವಾಳರ ಕೈಗೆ ಹೋಗುತ್ತಿತ್ತು. ಅವರ ಕಸುಬು ಎಷ್ಟು ಹಳೆಯದೆಂಬುದಕ್ಕೆ ನಮ್ಮ ಮೈಸೂರಿನಲ್ಲೇ ಸಿಕ್ಕ ಗ್ರಂಥವೊಂದರಲ್ಲಿ ಸಾಕ್ಷ್ಯವಿದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಬಟ್ಟೆ ಒಗೆಯುವವರಿಗೆ ನಿಯಮಗಳಿವೆ. ಮರದ ಹಲಗೆ ಅಥವಾ ನುಣುಪಾದ ಕಲ್ಲಿನ ಮೇಲೆಯೇ ಬಟ್ಟೆ ಒಗೆಯಬೇಕು. ಬೇರೆಡೆ ಒಗೆದು ಬಟ್ಟೆ ಹಾಳಾದರೆ ನಷ್ಟ ತುಂಬಿಕೊಡುವುದರ ಜತೆಗೆ 6 ಪಣ ದಂಡ. ಎರಡು ಸಾವಿರ ವರ್ಷಗಳಷ್ಟು ಹಿಂದೆ ಬಟ್ಟೆಗೆ ಆಗುವ ಹಾನಿ ರಾಜ್ಯವೇ ವಿಚಾರಿಸಬೇಕಾದ ಸಂಗತಿಯಾಗಿತ್ತು.

ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಇನ್ನೊಂದು ಕುತೂಹಲದ ಮಾತಿದೆ. ರೇಷ್ಮೆ ಮತ್ತು ಉಣ್ಣೆಗೆ ಚೌಳು ಮಣ್ಣು, ಕಂಬಳಿಗೆ ಅಂಟುವಾಳ, ನಯವಾದ ಬಟ್ಟೆಗೆ ಬಿಲ್ವದ ಕಾಯಿ, ಅಗಸೆ ನಾರಿನ ಬಟ್ಟೆಗೆ ಬಿಳಿ ಸಾಸಿವೆ ಎಂದು ಅದು ವಿಂಗಡಿಸುತ್ತದೆ. ಉಣ್ಣೆಗೆ ಬಲವಾದ ಕ್ಷಾರ ಒಳ್ಳೆಯದಲ್ಲವೆಂದು ಇಂದಿನವರು ಹೇಳುತ್ತಾರೆ. ಆದರೆ ಅದರ ಹಿಂದಿನ ವಿವೇಕ ಈಗಲೂ ನಿಜ. ಏನು ಹತ್ತಿದೆ ಎಂದು ಕೇಳುವುದರ ಜತೆಗೆ ಯಾವ ಬಟ್ಟೆಗೆ ಹತ್ತಿದೆ ಎಂದೂ ಕೇಳಬೇಕು.

ಶಾಸ್ತ್ರದಲ್ಲಿ ಬರೆದದ್ದಕ್ಕಿಂತ ಮಡಿವಾಳರ ಕೈಯಲ್ಲಿ ಇದ್ದದ್ದೇ ಹೆಚ್ಚು. ಊರ ಹೊರಗಿನ ಚೌಳು ಮಣ್ಣಿನಲ್ಲಿ ಸೋಡಾ ಅಂಶವಿರುತ್ತದೆ. ನಾಲೆಯ ನೀರು ಹೆಚ್ಚಾಗಿ ಗದ್ದೆ ಚೌಳಾದರೆ ರೈತನಿಗೆ ಅದು ಶತ್ರು. ಮಡಿವಾಳರಿಗೆ ಅದೇ ಮಣ್ಣು ಸಾಬೂನು. ಅದರ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಂಡೆಯ ಮೇಲೆ ಪೇರಿಸಿ ಉಬ್ಬೆಗೆ ಹಾಕುತ್ತಿದ್ದರು. ಕೆಳಗಿನಿಂದ ಏರುವ ಹಬೆ ಬಟ್ಟೆಯ ಕೊಳೆಯನ್ನು ಸಡಿಲಿಸುತ್ತಿತ್ತು. ಉಬ್ಬೆಗೆ ಹಾಕುವ ಮೊದಲು ಪ್ರತಿ ಬಟ್ಟೆಯನ್ನೂ ನೋಡಿ ಅಂಟಿದ್ದರೆ ತೆಗೆಯಬೇಕಿತ್ತು, ಇಲ್ಲದಿದ್ದರೆ ಬಿಸಿಗೆ ಅದು ಪಕ್ಕದ ಬಟ್ಟೆಗೂ ಹತ್ತುತ್ತದೆ. ಯಾರ ಮನೆಯ ಬಟ್ಟೆ ಎಂದು ಗುರುತಿಸಲು ಕರಿಗೇರಿನ ಬೀಜದ ರಸದಿಂದ ಮೂಲೆಯಲ್ಲಿ ಚುಕ್ಕೆಯಿಡುತ್ತಿದ್ದರು. ಆ ಗುರುತು ಎಷ್ಟು ಉಬ್ಬೆ ಕಂಡರೂ ಮಾಸದು. ಅಂದರೆ ಕಲೆ ತೆಗೆಯುವವರಿಗೆ ಎಂದೂ ಹೋಗದ ಕಲೆ ಯಾವುದೆಂದೂ ಗೊತ್ತಿತ್ತು. ಅದನ್ನೂ ಕೆಲಸಕ್ಕೆ ಹಚ್ಚಿಕೊಂಡಿದ್ದರು.

ಊರಿನ ಹನ್ನೆರಡು ಆಯಗಾರರಲ್ಲಿ ಮಡಿವಾಳರೂ ಒಬ್ಬರು. ವರ್ಷವಿಡೀ ಒಗೆದುದಕ್ಕೆ ಸುಗ್ಗಿಯಲ್ಲಿ ಕಣದಿಂದ ಬರುವ ಕಾಳೇ ಕೂಲಿ. ದೇವರ ಉತ್ಸವಕ್ಕೆ, ಮದುವೆಯ ದಿಬ್ಬಣಕ್ಕೆ ನಡೆಮಡಿ ಹಾಸುವವರೂ ಅವರೇ. ‘ಮಡಿ’ ಎಂದರೆ ಒಗೆದ ಬಟ್ಟೆ. ಶುದ್ಧಿಗೂ ಅದೇ ಹೆಸರು. ಆದರೆ ಮಡಿಯನ್ನು ಉಂಟುಮಾಡುವ ಕೈಗಳನ್ನೇ ಮಡಿಯವರು ದೂರವಿಟ್ಟದ್ದು ನಮ್ಮ ಸಮಾಜದ ದೊಡ್ಡ ವಿಪರ್ಯಾಸ. 12ನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದು ಶರಣರ ಬಟ್ಟೆ ಒಗೆದ ಮಡಿವಾಳ ಮಾಚಯ್ಯ ಆ ಕಾಯಕವನ್ನೇ ಪೂಜೆಯೆಂದು ತಿಳಿದು, ವಚನಕಾರನಾಗಿ, ಶರಣರ ಸಾಲಿನಲ್ಲಿ ಸಮನಾಗಿ ನಿಂತ. ಇಂದು ರಾಜ್ಯ ಸರ್ಕಾರ ಫೆಬ್ರುವರಿ 1ರಂದು ಆತನ ಜಯಂತಿ ಆಚರಿಸುತ್ತದೆ. ಆದರೆ ಆತನ ಕಸುಬಿನ ತಿಳಿವಳಿಕೆಯನ್ನು ವಿದ್ಯೆಯೆಂದು ಗೌರವಿಸಿ ಬರೆದಿಟ್ಟದ್ದು ಬಹಳ ಕಡಿಮೆ. ಕೀಳೆಂದು ಕಂಡ ಕೆಲಸದ ಜ್ಞಾನವನ್ನೂ ನಾವು ಕೀಳೆಂದೇ ಕಂಡೆವು.

ಸಾಬೂನು, ಸೀಮೆಎಣ್ಣೆ

1888ರಲ್ಲಿ ಇಂಗ್ಲೆಂಡಿನ ‘ಸನ್‌ಲೈಟ್’ ಸಾಬೂನು ಕಲ್ಕತ್ತೆಯ ಬಂದರಿಗೆ ಬಂದಿಳಿಯಿತು. ಮುಂದೆ 501 ಬಾರ್ ಸೋಪು, 1959ರಲ್ಲಿ ‘ಸರ್ಫ್’, 1969ರಲ್ಲಿ ‘ನಿರ್ಮಾ’ ಪುಡಿ ಬಂದು ಅಂಟುವಾಳವನ್ನೂ ಚೌಳು ಮಣ್ಣನ್ನೂ ಮೂಲೆಗೆ ಸರಿಸಿದವು. ಇವು ಕೊಳೆಯನ್ನೂ ಜಿಡ್ಡನ್ನೂ ಸೊಗಸಾಗಿ ತೆಗೆದವು. ಅಂಟಿನ ಮುಂದೆ ಮಾತ್ರ ಇವುಗಳ ಆಟ ನಡೆಯಲಿಲ್ಲ. ಸೋಪು ಜಿಡ್ಡನ್ನು ಚಿಕ್ಕ ಚಿಕ್ಕ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸುತ್ತದೆ. ಅಂಟು ಹಾಗೆ ಹನಿಯಾಗಿ ಒಡೆಯುವ ಪದಾರ್ಥವಲ್ಲ.

ಆಗ ಜನರ ನೆರವಿಗೆ ಬಂದದ್ದು ಸೀಮೆಎಣ್ಣೆ. ಹಲಸಿನ ಅಂಟಿಗೂ ಗಾಡಿಯ ಕೀಲೆಣ್ಣೆಗೂ ಅದನ್ನೇ ಹಚ್ಚಿದರು. ಯುರೋಪಿನಲ್ಲಿ 19ನೆಯ ಶತಮಾನದ ನಡುವೆ ಶುರುವಾದ ಡ್ರೈಕ್ಲೀನಿಂಗ್ ಕೂಡ ಇದೇ ತತ್ತ್ವದ್ದು. ಮೇಜಿನ ಬಟ್ಟೆಯ ಮೇಲೆ ದೀಪದ ಎಣ್ಣೆ ಚೆಲ್ಲಿ, ಚೆಲ್ಲಿದ ಜಾಗವೇ ಶುಭ್ರವಾದದ್ದನ್ನು ಕಂಡು ಪ್ಯಾರಿಸ್ಸಿನ ಜೋಲಿ ಎಂಬಾತ ಅದನ್ನು ಆರಂಭಿಸಿದ ಎಂಬ ಕಥೆಯಿದೆ. ಆದರೆ ಸೀಮೆಎಣ್ಣೆ, ಪೆಟ್ರೋಲ್‌ಗಳನ್ನು ಮನೆಯಲ್ಲಿ ಬಟ್ಟೆಗೆ ಹಚ್ಚುವುದು ಅಪಾಯ. ಅವುಗಳ ಆವಿ ಒಲೆಯ ಕಿಡಿಗಾಗಿ ಕಾದಿರುತ್ತದೆ. ಕೊಬ್ಬರಿ ಎಣ್ಣೆಯಿಂದ ಆಗುವ ಕೆಲಸಕ್ಕೆ ಬೆಂಕಿಯ ಜತೆ ಸರಸವೇಕೆ?

ಬಿಡಿಸುವ ಬಗೆ

ಹಿರಿಯರಿಗೆ ಇಲ್ಲದಿದ್ದ ಒಂದು ಅನುಕೂಲ ನಮಗಿದೆ. ಅದೇ ಮಂಜುಗಡ್ಡೆ. ತಣ್ಣಗಾದಷ್ಟೂ ಗಮ್ ತನ್ನ ಜಿಗುಟು ಕಳೆದುಕೊಂಡು ಗಡುಸಾಗುತ್ತದೆ. ಆದ್ದರಿಂದ ಹತ್ತಿದ ಕೂಡಲೇ ಬೆರಳಿನಿಂದ ಎಳೆಯಬಾರದು, ಬಿಸಿನೀರು ಮುಟ್ಟಿಸಬಾರದು, ಇಸ್ತ್ರಿ ಹಾಕಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ತುಂಬಿ ಅದರ ಮೇಲಿಡಬೇಕು, ಅಥವಾ ಬಟ್ಟೆಯನ್ನೇ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ಗಂಟೆ ಇಡಬೇಕು. ಗಟ್ಟಿಯಾದ ಗಮ್ಮನ್ನು ಚಮಚದ ಅಂಚಿನಂಥ ಮೊಂಡು ವಸ್ತುವಿನಿಂದ ಮೆಲ್ಲಗೆ ಎಬ್ಬಿಸಿದರೆ ಬಹುಪಾಲು ಬರುತ್ತದೆ.

ನೂಲಿನೊಳಗೆ ಉಳಿದ ತೆಳುಪದರಕ್ಕೆ ಎಣ್ಣೆಯ ಸರದಿ. ಹತ್ತಿಯ ಬಟ್ಟೆಯಾದರೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ, ಕಾಲು ಗಂಟೆ ಬಿಟ್ಟು, ಹಳೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಎಣ್ಣೆಯ ಕಲೆಯ ಮೇಲೆ ಕಡಲೆಹಿಟ್ಟನ್ನೋ ಸೀಗೆಪುಡಿಯನ್ನೋ ಉದುರಿಸಿ, ಅದು ಜಿಡ್ಡು ಹೀರಿದ ಮೇಲೆ ಕೊಡವಿ, ಕೊನೆಗೆ ಸೋಪು ಹಚ್ಚಿ ಒಗೆಯಬೇಕು. ಪಾಲಿಯೆಸ್ಟರ್ ಬಟ್ಟೆಗೂ ಇದೇ ಕ್ರಮ. ಎಣ್ಣೆಯ ಜಿಡ್ಡು ಅದಕ್ಕೆ ಬೇಗ ಹಿಡಿಯುವುದರಿಂದ ಎರಡು ಬಾರಿ ಸೋಪು ಬೇಕಾದೀತು. ಕಂಬಳಿ, ಸ್ವೆಟರಿಗೆ ತಣ್ಣನೆಯ ಉಪಾಯವೇ ಸಾಕು. ಉಜ್ಜಿದರೆ ಉಣ್ಣೆ ಸಿಕ್ಕುಗಟ್ಟುತ್ತದೆ.

ರೇಷ್ಮೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ಸೀರೆಯನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು. ರೇಷ್ಮೆಗೂ ಅಂಟಿಗೂ ಹುಟ್ಟಿನಿಂದಲೇ ನಂಟಿದೆ ಎಂಬುದು ಎಲ್ಲರಿಗೂ ಗೊತ್ತಿರಲಾರದು. ಹುಳು ಗೂಡು ಕಟ್ಟುವಾಗ ಎಳೆಗೆ ‘ಸೆರಿಸಿನ್’ ಎಂಬ ಅಂಟನ್ನು ಬಳಿದಿರುತ್ತದೆ. ಕಚ್ಚಾ ರೇಷ್ಮೆ ಒರಟಾಗಿ ಮಂಕಾಗಿ ಕಾಣುವುದು ಆ ಅಂಟಿನಿಂದಲೇ. ಸೋಪು, ಸೋಡಾ ಹಾಕಿ ಕುದಿಸಿ ಅದನ್ನು ತೆಗೆದಾಗ ನೂಲಿನ ತೂಕದಲ್ಲಿ ಐದನೆಯ ಒಂದು ಭಾಗ ಅಥವಾ ಇನ್ನೂ ಸ್ವಲ್ಪ ಹೆಚ್ಚು ಕಳೆದುಹೋಗಿ, ಆಮೇಲೆ ಹೊಳಪು ಬರುತ್ತದೆ. ಇಷ್ಟು ಪಾಡುಪಟ್ಟು ಪಡೆದ ಹೊಳಪಿನ ಮೇಲೆ ಎಣ್ಣೆ ಸುರಿಯುವುದು ಬುದ್ಧಿವಂತಿಕೆಯಲ್ಲ. ಮಂಜುಗಡ್ಡೆಯಿಂದ ಬಂದಷ್ಟನ್ನು ತೆಗೆದು, ಉಳಿದದ್ದನ್ನು ಡ್ರೈಕ್ಲೀನಿಂಗ್‌ನವರಿಗೆ ಬಿಡುವುದು ಲೇಸು. ಯಾವ ಬಟ್ಟೆಯೇ ಆಗಲಿ, ಎಣ್ಣೆಯನ್ನು ಮೊದಲು ಒಳಮಡಿಕೆಯ ಒಂದು ಮೂಲೆಗೆ ಹಚ್ಚಿ ಬಣ್ಣ ಕೆಡುವುದಿಲ್ಲವೆಂದು ನೋಡಿಕೊಳ್ಳಬೇಕು.

ಎಸೆಯುವುದೇ, ಉಳಿಸುವುದೇ?

ಉಗಿದ ಗಮ್‌ನ ಕಾಟಕ್ಕೆ ರೋಸಿಹೋದ ಸಿಂಗಪುರ 1992ರಲ್ಲಿ ಅದರ ಆಮದು ಮತ್ತು ಮಾರಾಟವನ್ನೇ ನಿಷೇಧಿಸಿತು. ರೈಲಿನ ಬಾಗಿಲಿಗೆ ಅಂಟಿಸಿ ಓಡಾಟಕ್ಕೇ ತೊಂದರೆ ಮಾಡಿದ್ದು ಅದಕ್ಕೊಂದು ಕಾರಣ. 2004ರಲ್ಲಿ ವೈದ್ಯಕೀಯ ಬಳಕೆಯ ಗಮ್‌ಗೆ ಮಾತ್ರ ವಿನಾಯಿತಿ ದೊರೆಯಿತು. ನಮ್ಮಲ್ಲಿ ಅಂಥ ಕಾನೂನು ಬೇಕೆಂದೇನಿಲ್ಲ. ಗಮ್ ಸುತ್ತಿ ಬಂದ ಕಾಗದದಲ್ಲೇ ಅದನ್ನು ಮಡಿಸಿ ತೊಟ್ಟಿಗೆ ಹಾಕುವಷ್ಟು ಸೌಜನ್ಯವಿದ್ದರೆ ಸಾಕು.

ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಎರಡೋ ಮೂರೋ ಬಟ್ಟೆಗಳಲ್ಲಿ ವರ್ಷ ಕಳೆಯುತ್ತಿದ್ದ ಮನೆಗಳಲ್ಲಿ ಒಂದು ಕಲೆಯೆಂದರೆ ಒಂದು ನಷ್ಟ. ಆದ್ದರಿಂದಲೇ ಅದನ್ನು ತೆಗೆಯುವ ಜಾಣ್ಮೆ ಬೆಳೆಯಿತು. ಇಂದು ಬಟ್ಟೆ ಅಗ್ಗವಾಗಿದೆ. ಗಮ್ ಹತ್ತಿದರೆ ‘ಹೋಗಲಿ ಬಿಡು’ ಎಂದು ಮೂಲೆಗೆಸೆಯುವುದು ಸುಲಭವಾಗಿದೆ. ಉಬ್ಬೆಯ ಹಂಡೆಗಳು ತಣ್ಣಗಾಗಿವೆ. ಆ ಕುಟುಂಬಗಳ ಮಕ್ಕಳು ಕಷ್ಟದ ಕಸುಬು ಬಿಟ್ಟು ಬೇರೆ ಉದ್ಯೋಗ ಹಿಡಿದಿದ್ದಾರೆ. ಅದು ಆಗಬೇಕಾದದ್ದೇ, ಅದಕ್ಕೆ ಯಾರೂ ಮರುಗಬೇಕಾಗಿಲ್ಲ. ಆದರೆ ಅವರ ಜತೆಯಲ್ಲಿ ಅವರು ಬಲ್ಲ ಸಂಗತಿಗಳೂ ಹೊರಟುಹೋಗಬೇಕೇ? ಯಾವ ಮಣ್ಣು ಯಾವ ನೂಲಿಗೆ, ಯಾವ ಕಾಯಿ ಯಾವ ಕಲೆಗೆ ಎಂದು ಹೇಳಬಲ್ಲ ಹಿರಿಯರು ಊರೂರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ಕೇಳಿ ಬರೆದಿಡುವುದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ ಅದು.

ಜಾತ್ರೆ ಮುಗಿದು ಬಿಸಿಲು ಏರುತ್ತಿದ್ದಂತೆ ಹಲಸಿನ ಕಾಲ ಬರುತ್ತದೆ. ತೊಳೆ ಬಿಡಿಸುವ ಮುನ್ನ ಅಂಗೈಗೆ ಎಣ್ಣೆ ಸವರಿಕೊಳ್ಳುವ ಅಜ್ಜಿಯನ್ನು ಅದೇಕೆಂದು ಮಕ್ಕಳು ಕೇಳುತ್ತಾರೆ. ಆಕೆ ಹೇಳುವ ಉತ್ತರದಲ್ಲಿ ಮುಂದಿನ ವರ್ಷ ಜಾತ್ರೆಯಲ್ಲಿ ಅವರ ಅಂಗಿಗೆ ಹತ್ತಬಹುದಾದ ಗಮ್‌ನ ಪರಿಹಾರವೂ ಇದೆ.